ಮಿಂಚುಗೆ ಕ್ಯಾಟ್‌ನಿಪ್, ಕರಿಯನಿಗೆ ಕುಪ್ಪಿ ಬೇರು

ಬೆಕ್ಕಿಗೆ ಅಮಲೇರಿಸುವ ಗಿಡ ಅಂತ ಹೆಸರಾದ ಕ್ಯಾಟ್‌ನಿಪ್‌ನ ಬೀಜ ಆನ್‌ಲೈನಲ್ಲಿ ತರಿಸಿದ್ದು ಮಗಳ ಹಟಕ್ಕೆ. ಸಾಸಿವೆಗಿಂತ ಚಿಕ್ಕ ಬೀಜ. ಪಾಟ್‌ನಲ್ಲಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ ಬಿಟ್ಟಿದ್ದೆ. ಮೊಳಕೆ ಬಂತು, ಗಿಡ ಗೇಣುದ್ದ ಆಯಿತು. ನಮ್ಮ ಮನೆಯ ಎರಡು ಬೆಕ್ಕುಗಳು, ಮಿಂಚು ಮತ್ತು ಕರಿಯ, ದಿನಾ ಅದರ ಪಕ್ಕದಲ್ಲೇ ಬಿಸಿಲು ಕಾಯಿಸುತ್ತಿದ್ದರೂ ಮೂಸಿ ಕೂಡ ನೋಡಲಿಲ್ಲ. ‘ಅಮ್ಮಾ, ಇದು ಸುಮ್ನೆ ಯಾವುದೋ ಪುದೀನ ಇರ್ಬೇಕು’ ಅಂದಳು ಮಗಳು.

ಅವಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಪುದೀನ, ತುಳಸಿ, ದೊಡ್ಡಪತ್ರೆ ಎಲ್ಲ ಇದರ ದಾಯಾದಿಗಳೇ. ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಎಲೆಯ ಅಂಚು ಹಲ್ಲುಹಲ್ಲು, ಮೇಲೆಲ್ಲ ಬೂದು ಬಣ್ಣದ ಸಣ್ಣ ರೋಮ.

ಒಂದು ಭಾನುವಾರ ಬೆಳಿಗ್ಗೆ ಗಿಡವನ್ನು ದೊಡ್ಡ ಪಾಟ್‌ಗೆ ಹಾಕೋಣ ಅಂತ ಕೂತೆ. ಮೊದಲು ದೊಡ್ಡ ಪಾಟ್‌ನಲ್ಲಿ ತಾನೇ ಬೆಳೆದಿದ್ದ ಕುಪ್ಪಿ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಪಕ್ಕಕ್ಕೆ ಎಸೆದೆ. ಕುಪ್ಪಿ ಗೊತ್ತಲ್ವಾ? ಖಾಲಿ ಸೈಟು, ಚರಂಡಿ ಪಕ್ಕ, ಗೋಡೆ ಸಂದಿ, ಎಲ್ಲಿ ನೋಡಿದರೂ ಇರುತ್ತದೆ. ಎಲೆಗೆ ಉದ್ದ ತೊಟ್ಟು, ನೆಟ್ಟಗಿನ ಹೂಗೊಂಚಲಿನಲ್ಲಿ ಪುಟ್ಟಪುಟ್ಟ ಹಸಿರು ಬಟ್ಟಲು.

ಕ್ಯಾಟ್‌ನಿಪ್ ಕಿತ್ತು ಬೇರಿನ ಮಣ್ಣು ಒದರುವಾಗ ನಾಲ್ಕೈದು ಎಲೆ ನಲುಗಿದವು. ಅಷ್ಟೇ ಸಾಕಾಯಿತು. ಕಾಂಪೌಂಡ್ ಮೇಲೆ ಮಲಗಿದ್ದ ಮಿಂಚು ಧುಪ್ಪನೆ ಹಾರಿ ಬಂದಳು. ಎಲೆ ನೆಕ್ಕಿದಳು, ಕಚ್ಚಿದಳು, ಕೆನ್ನೆ ತಿಕ್ಕಿದಳು. ಆಮೇಲೆ ನೆಲಕ್ಕೆ ಬಿದ್ದು ಒಂದೇ ಸಮ ಹೊರಳಾಟ. ಬಾಯಲ್ಲಿ ಜೊಲ್ಲು, ಹಿಂಗಾಲಲ್ಲಿ ಗಿಡಕ್ಕೆ ಒದೆತ. ‘ಇದಕ್ಕೇನು ದೆವ್ವ ಹಿಡೀತೇನೇ?’ ಅಂತ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಹತ್ತು ನಿಮಿಷ ಆಯಿತೋ ಇಲ್ಲವೋ, ಮಿಂಚು ಎದ್ದು ಕೂತು ಏನೂ ಆಗದವಳ ಹಾಗೆ ಪಂಜ ನೆಕ್ಕತೊಡಗಿದಳು. ಮಗಳು ಇನ್ನೊಂದು ಎಲೆ ಮೂಗಿಗೆ ಹಿಡಿದರೆ ಮುಖ ತಿರುಗಿಸಿದಳು. ಒಮ್ಮೆ ಅಮಲು ಇಳಿದ ಮೇಲೆ ಅರ್ಧ ಗಂಟೆಯೋ ಜಾಸ್ತಿಯೋ ಮತ್ತೆ ಹತ್ತುವುದಿಲ್ಲವಂತೆ.

ಇಷ್ಟು ದಿನ ಇಲ್ಲದ್ದು ಆವತ್ತು ಯಾಕೆ? ಎಲೆಯಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ಎಣ್ಣೆಯಂಥ ವಸ್ತು ಎಲೆ ಜಜ್ಜಿದಾಗಲೇ ಜೋರಾಗಿ ಹೊರಬರುವುದು. ಬೆಕ್ಕಿಗೆ ಬೇಕಾದ್ದು ಅದರ ವಾಸನೆ, ಹೊಟ್ಟೆಗಲ್ಲ. ಇದನ್ನೇ ಹೋಲುವ ನೆಪೆಟಲ್ಯಾಕ್ಟಾಲ್ ಎಂಬ ವಸ್ತು ಮೂಗಿಗೆ ಹೋದರೆ ಬೆಕ್ಕಿನ ಮೈಯಲ್ಲೇ ಇರುವ, ಹಿತ ಅನ್ನಿಸುವ ಎಂಡಾರ್ಫಿನ್ ಹೆಚ್ಚುತ್ತದೆ ಅಂತ 2021ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅವರ ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು. ಇಂಥ ಎಲೆಗೆ ಮೈ ತಿಕ್ಕಿಕೊಂಡ ಬೆಕ್ಕಿನ ಮೇಲೆ ಸೊಳ್ಳೆ ಕಡಿಮೆ ಕೂರುತ್ತದಂತೆ. ಅಂದರೆ ನಾವು ಹುಚ್ಚಾಟ ಅಂತ ನಗುವುದು ಅದಕ್ಕೆ ಸೊಳ್ಳೆ ಮುಲಾಮು!

ಕರಿಯ ಮಾತ್ರ ಬಂದ, ಮೂಸಿದ, ಹೋದ. ಮೂರರಲ್ಲಿ ಒಂದು ಬೆಕ್ಕು ಹೀಗೇ, ಕ್ಯಾಟ್‌ನಿಪ್ ಅದಕ್ಕೆ ಬರೀ ಸೊಪ್ಪು. ಅದು ಹುಟ್ಟಿನಿಂದ ಬಂದ ಗುಣ, ಕಲಿಸಿದರೆ ಬರುವುದಿಲ್ಲ. ಮಗಳಿಗೆ ಪಾಪ ಅನ್ನಿಸಿತು. ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಕಾಂಪೌಂಡ್ ಆಚೆಯಿಂದ, ‘ಅಲ್ಲಿ ನೋಡ್ರೀ, ನಿಮ್ಮ ಕರಿಯನ್ನ’ ಅಂದರು. ಕರಿಯ ನಾನು ಎಸೆದಿದ್ದ ಕುಪ್ಪಿ ರಾಶಿ ಮೇಲೆ ಬೆನ್ನು ಹಾಕಿ ಬಿದ್ದಿದ್ದ. ಎಲೆ ಅವನಿಗೆ ಬೇಡ. ಹಸಿ ಬೇರನ್ನು ಎರಡು ಪಂಜದಲ್ಲಿ ಅವುಚಿಕೊಂಡು ಕಚ್ಚುತ್ತಾ, ಗಲ್ಲಕ್ಕೆ ಉಜ್ಜುತ್ತಾ ಇದ್ದ. ‘ನಮ್ಮೂರ ಕಡೆ ಎಲ್ಲರಿಗೂ ಗೊತ್ತು ಇದು. ಕುಪ್ಪಿ ಬೇರು ಕಿತ್ತಿಟ್ರೆ ಬೆಕ್ಕು ಜಾಗ ಬಿಡಲ್ಲ’ ಅಂದರು ಆಂಟಿ. ಅವರದು ಸೇಲಂ ಕಡೆ. ಗಿಡ ನೆಲದಲ್ಲಿ ಇರೋವರೆಗೆ ಬೆಕ್ಕು ತಿರುಗಿಯೂ ನೋಡಲ್ಲ, ಬೇರು ಹೊರಗೆ ಬರಬೇಕು ಅಂತಲೂ ಹೇಳಿದರು.

ಕುಪ್ಪಿ ಸೊಪ್ಪನ್ನು ಅರಿಶಿನ, ಉಪ್ಪಿನ ಜೊತೆ ಅರೆದು ಕಜ್ಜಿ ತುರಿಕೆಗೆ ಹಚ್ಚುವುದು ಅತ್ತೆಗೂ ಗೊತ್ತಿತ್ತು. ಹಚ್ಚಿಕೊಳ್ಳುವುದು ಒಂದು, ಹೊಟ್ಟೆಗೆ ತಗೊಳ್ಳುವುದು ಬೇರೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಈ ಸೊಪ್ಪು ತಿಂದು ಕೆಂಪು ರಕ್ತಕಣಗಳೇ ಒಡೆದದ್ದು ಶ್ರೀಲಂಕಾದಲ್ಲಿ ವರದಿಯಾಗಿದೆ. ಹಾಗಾಗಿ ‘ಮಗುಗೆ ಕೆಮ್ಮು, ಒಂದು ಚಮಚ ರಸ ಹಾಕು’ ಅನ್ನುವ ಸಲಹೆಗೆ ನಾನಂತೂ ತಲೆ ಆಡಿಸಲ್ಲ.

ಕ್ಯಾಟ್‌ನಿಪ್ ಕುಡಿಯಲು ಅಷ್ಟು ಹೆದರಬೇಕಿಲ್ಲ. ಇಂಗ್ಲೆಂಡಿನಲ್ಲಿ ಚೀನಾದ ಚಹಾ ಬರುವ ಮೊದಲೇ ಇದರ ಕಷಾಯ ಕುಡಿಯುತ್ತಿದ್ದರಂತೆ. ಹೊಟ್ಟೆ ಉಬ್ಬರ, ಜ್ವರ, ನಿದ್ದೆ ಬಾರದ್ದಕ್ಕೆಲ್ಲ ಅದೇ ಮನೆಮದ್ದು. ಗರ್ಭಿಣಿಯರಿಗೆ ಮಾತ್ರ ಬೇಡ ಅನ್ನುತ್ತಾರೆ. ಆವತ್ತು ಸಂಜೆ ಮುರಿದ ಎಲೆಗಳನ್ನೇ ಬಿಸಿನೀರಲ್ಲಿ ನೆನೆಸಿ, ಜೇನು ಹಾಕಿ ಕುಡಿದೆ. ಸಪ್ಪೆ ಪುದೀನಕ್ಕೆ ಒಂಚೂರು ಕಹಿ ಬೆರೆತ ರುಚಿ. ನಿದ್ದೆ ಬಂತು ನಿಜ. ಇಡೀ ದಿನ ಮಣ್ಣು ಕೆಲಸ ಮಾಡಿದ್ದಕ್ಕೂ ಬಂದಿರಬಹುದು. ಅತ್ತೆ ಲೋಟ ಮೂಸಿ, ‘ಬೆಕ್ಕಿನ ಸೊಪ್ಪು ನಂಗೆ ಬೇಡಮ್ಮ, ಕಾಫಿ ಕೊಡು’ ಅಂದರು.

ಸೊಳ್ಳೆಗೂ ಒಂದು ಕೈ ನೋಡಿದೆ. ನೆಪೆಟಲ್ಯಾಕ್ಟೋನ್ ಸೊಳ್ಳೆ ಓಡಿಸುವುದರಲ್ಲಿ, ಸೊಳ್ಳೆ ಮುಲಾಮಿಗೆ ಹಾಕುವ ಡೀಟ್ ಎಂಬ ರಾಸಾಯನಿಕಕ್ಕಿಂತ ಸುಮಾರು ಹತ್ತು ಪಟ್ಟು ಮೇಲು ಅಂತ 2001ರಲ್ಲಿ ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಹೇಳಿದ್ದರು. ಅದು ಲ್ಯಾಬಿನ ಮಾತು. ಚರ್ಮದ ಮೇಲೆ ಅದು ಬೇಗ ಆರಿಹೋಗುತ್ತದೆ. ಎಲೆ ಜಜ್ಜಿ ಕೈಕಾಲಿಗೆ ಹಚ್ಚಿಕೊಂಡು ವರಾಂಡದಲ್ಲಿ ಕೂತರೆ ಸ್ವಲ್ಪ ಹೊತ್ತು ಸೊಳ್ಳೆ ದೂರ ಇದ್ದವು. ಮಿಂಚು ಮಾತ್ರ ದೂರ ಇರಲಿಲ್ಲ. ಮೊಣಕಾಲು ನೆಕ್ಕಿ ನೆಕ್ಕಿ ಕೊನೆಗೆ ಹಲ್ಲೂ ಊರಿದಳು. ಎದ್ದು ಹೋಗಿ ಸೋಪ್ ಹಾಕಿ ಕಾಲು ತೊಳೆದು ಬಂದು ಸೊಳ್ಳೆ ಬತ್ತಿ ಹಚ್ಚಿದೆ.