‘ನೋಡೋಣ’ ಅನ್ನದೆ ಇನ್ನೇನು ಅನ್ನಬಹುದು?

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿರುತ್ತದೆ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಟೀಮಿನವರು ಕೇಳುವುದೂ ಅದೇ, ಪೀಣ್ಯದ ಮೆಷಿನ್ ಶಾಪ್ ಸೂಪರ್‌ವೈಸರ್ ಕೇಳುವುದೂ ಅದೇ: “ಜೊತೇಲಿ ಕೆಲಸ ಮಾಡೋರು ಒಂದು ಐಡಿಯಾ ಹೇಳ್ತಾರೆ. ನನಗೆ ಪೂರ್ತಿ ಸರಿ ಅನ್ನಿಸಲ್ಲ. ಹೇಳಿದ್ರೆ ಅವರ ಮುಖ ಚಿಕ್ಕದಾಗುತ್ತೆ, ಹೇಳದಿದ್ರೆ ಕೆಲಸ ಕೆಡುತ್ತೆ. ಏನ್ ಮಾಡ್ಲಿ?”

ಮೊದಲು ‘ನೋಡೋಣ’ ಬಿಡಿ. ಹೇಳಿದವರ ಮನಸ್ಸಿನಲ್ಲಿ ಅದು ಮರ್ಯಾದೆಯ ‘ಬೇಡ’, ಕೇಳಿದವರ ಕಿವಿಗೆ ಅರ್ಧ ‘ಆಯ್ತು’. ಅವರು ಎರಡು ವಾರ ಕಾಯುತ್ತಾರೆ, ಮೂರನೇ ವಾರ ನೆನಪಿಸುತ್ತಾರೆ, ಆಮೇಲೆ ಐಡಿಯಾ ಹೇಳುವುದನ್ನೇ ನಿಲ್ಲಿಸುತ್ತಾರೆ. ನೇರ ‘ಬೇಡ’ ಇಷ್ಟು ದಿನ ಕಾಡುವುದಿಲ್ಲ. ‘ಚೆನ್ನಾಗಿದೆ, ಆದ್ರೆ…’ ಅನ್ನುವುದು ಇದರ ದಾಯಾದಿ. ಎದುರಿನವರು ‘ಆದ್ರೆ’ ಯಾವಾಗ ಬರುತ್ತದೆ ಅಂತಲೇ ಕಾಯುತ್ತಿರುತ್ತಾರೆ. ಅದಕ್ಕೆ ಮುಂಚಿನ ಹೊಗಳಿಕೆ ಲೆಕ್ಕಕ್ಕೇ ಬರುವುದಿಲ್ಲ. ಯಾವ ಭಾಗ ಚೆನ್ನಾಗಿದೆ ಅಂತ ಹೇಳದ ‘ಚೆನ್ನಾಗಿದೆ’ಗೆ ಬೆಲೆಯೂ ಇಲ್ಲ.

ಪೀಣ್ಯದ ಒಂದು ಸಣ್ಣ ಶಾಪ್ ಅಂತ ಇಟ್ಟುಕೊಳ್ಳಿ. ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ನಡೆಸುವ ಆಪರೇಟರ್ ಬಂದು, “ಸಾರ್, ಮುಂದಿನ ಜಾಬ್‌ನ ಟೂಲ್‌ಗಳನ್ನ ಮೊದಲೇ ಒಂದು ಟ್ರಾಲೀಲಿ ಜೋಡಿಸಿಟ್ಕೊಂಡ್ರೆ ಸೆಟ್ಟಿಂಗ್ ಬೇಗ ಮುಗಿಯುತ್ತೆ” ಅನ್ನುತ್ತಾರೆ. ವಾಡಿಕೆಯ ಉತ್ತರ: “ಚೆನ್ನಾಗಿದೆ, ಆದ್ರೆ ಟ್ರಾಲಿಗೆ ದುಡ್ಡು ಯಾರು ಕೊಡ್ತಾರೆ?” ಅಲ್ಲಿಗೆ ಮಾತು ಟ್ರಾಲಿಯ ಮೇಲೆ ಹೋಯಿತು. ಐಡಿಯಾ ಇದ್ದದ್ದು ಟ್ರಾಲಿಯಲ್ಲಿ ಅಲ್ಲ, ‘ಮೊದಲೇ’ ಅನ್ನುವ ಪದದಲ್ಲಿ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೆಸರು ಮಾಡಿದ್ದೇ ಈ ಒಂದು ವಿಂಗಡಣೆಯಿಂದ: ಮೆಷಿನ್ ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದ ಕೆಲಸ ಯಾವುದು, ಮೆಷಿನ್ ನಿಂತಾಗ ಮಾತ್ರ ಮಾಡಬಹುದಾದದ್ದು ಯಾವುದು. ಆಪರೇಟರ್ ಅದನ್ನೇ ಹೇಳುತ್ತಿದ್ದಾರೆ, ಓದಿ ಅಲ್ಲ, ನಿಂತು ನೋಡಿ.

ಅವರಿಗೆ ಹೀಗೆ ಉತ್ತರ ಕೊಡಬಹುದು: “ಮೆಷಿನ್ ನಿಲ್ಲಿಸಿದ ಮೇಲೆ ಸ್ಟೋರಿಗೆ ಓಡೋದು ತಪ್ಪುತ್ತೆ ಅಂತ ತಾನೆ ನೀವು ಹೇಳ್ತಿರೋದು? ಸರಿ, ಅದು ನಿಜವಾಗ್ಲೂ ಉಳಿತಾಯ. ನನಗೊಂದು ಅನುಮಾನ. ನಮ್ಮಲ್ಲಿರೋದು ಒಂದೇ ಬೋರಿಂಗ್ ಬಾರ್. ಅದು ಓಡ್ತಿರೋ ಜಾಬ್‌ಗೂ ಬೇಕು, ಮುಂದಿನದಕ್ಕೂ ಬೇಕು ಅಂದಾಗ ಏನ್ ಮಾಡ್ತೀರ? ಟ್ರಾಲಿ ಸದ್ಯಕ್ಕೆ ಬೇಡ, ಹಳೇ ಟ್ರೇ ಒಂದು ಸಾಕು. ಗುರುವಾರ ಎರಡನೇ ಮೆಷಿನ್‌ನಲ್ಲಿ ಒಂದ್ಸಲ ಮಾಡಿ, ಎಷ್ಟು ನಿಮಿಷ ಆಯ್ತು ಅಂತ ಬರೆದಿಡಿ. ಶುಕ್ರವಾರ ಕೂತ್ಕೊಂಡು ಮಾತಾಡೋಣ.”

ಇದರಲ್ಲಿ ಸಿಹಿ ಮಾತು ಕಡಿಮೆ. ಅವರು ಹೇಳಿದ್ದನ್ನು ತಿರುಗಿ ಹೇಳಿ ಒಪ್ಪಿಸಿಕೊಂಡದ್ದು, ಯಾವುದು ಉಪಯೋಗ ಅಂತ ಬೊಟ್ಟು ಮಾಡಿದ್ದು, ಆಕ್ಷೇಪವನ್ನು ಅವರೇ ಬಿಡಿಸಬಹುದಾದ ಪ್ರಶ್ನೆಯಾಗಿ ಮುಂದಿಟ್ಟದ್ದು, ಖರ್ಚಿಲ್ಲದ ಒಂದು ಪರೀಕ್ಷೆ, ಒಂದು ದಿನದ ಹೆಸರು. ಇಷ್ಟೇ. ‘ಶುಕ್ರವಾರ’ ಅನ್ನುವ ಪದ ತೆಗೆದುಬಿಟ್ಟರೆ ಇದೂ ‘ನೋಡೋಣ’ವೇ ಆಗುತ್ತದೆ.

ತಿರುಗಿ ಹೇಳುವ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ನಮ್ಮ ಶಾಸ್ತ್ರಚರ್ಚೆಯಲ್ಲಿ ಇದಕ್ಕೆ ಪೂರ್ವಪಕ್ಷ ಅಂತ ಹೆಸರೇ ಇದೆ: ಖಂಡಿಸುವ ಮುಂಚೆ ಎದುರಾಳಿಯ ವಾದವನ್ನು ನೀವೇ ಮಂಡಿಸಬೇಕು. ಆಫೀಸಿನಲ್ಲಿ ಅದಕ್ಕೆ ಅರ್ಧ ನಿಮಿಷ ಸಾಕು. “ಅಂದ್ರೆ ನೀವು ಹೇಳೋದು…” ಅಂತ ಶುರುಮಾಡಿ, “ಹೌದು” ಅನ್ನುವವರೆಗೆ ಬಿಡಬೇಡಿ. ಎಷ್ಟೋ ಸಲ “ಅಲ್ಲ ಅಲ್ಲ, ನಾನ್ ಹೇಳಿದ್ದು ಅದಲ್ಲ” ಅಂತ ಬರುತ್ತದೆ. ನೀವು ಇನ್ನೇನು ಹೊಡೆಯಲು ಹೊರಟಿದ್ದು ಅವರು ಹೇಳಿಯೇ ಇಲ್ಲದ ಮಾತನ್ನು.

ಆಕ್ಷೇಪ ಎತ್ತುವ ಮುಂಚೆ ಅದು ಯಾವ ಜಾತಿಯದ್ದು ಅಂತ ನಿಮ್ಮೊಳಗೇ ಕೇಳಿಕೊಳ್ಳಿ. ಲೆಕ್ಕ ತಪ್ಪಿದೆಯೇ? ಹಾಗಾದರೆ ಅಂಕಿ ತೋರಿಸಿ, ಮಾತು ಮುಗಿಯಿತು. ಅಪಾಯವೇ? ಯಾವಾಗ, ಯಾರಿಗೆ, ಎಷ್ಟು ಅಂತ ಹೇಳಿ. ‘ಪ್ರಾಬ್ಲಮ್ ಆಗುತ್ತೆ’ ಅಂದರೆ ಸಾಲದು. ಮೂರನೆಯದು ಬರೀ ರುಚಿ: ನಿಮಗೆ ಹಿಡಿಸಲಿಲ್ಲ, ಅಷ್ಟೇ. ಜಗಳವಾಗುವುದು ಬಹುಪಾಲು ಇಲ್ಲೇ. ‘ನನಗೆ ಹಿಡಿಸಲಿಲ್ಲ’ ಅನ್ನುವುದಕ್ಕೆ ಸಂಕೋಚಪಟ್ಟು ‘ಇದು ನಡೆಯಲ್ಲ’ ಅಂದುಬಿಡುತ್ತೇವೆ. ಅವರು ನಡೆಯುತ್ತದೆ ಅಂತ ಸಾಬೀತು ಮಾಡಿದರೂ ನಮಗೆ ಸಮಾಧಾನವಿಲ್ಲ, ಹೊಸ ಕಾರಣ ಹುಡುಕುತ್ತೇವೆ. ಮೂರನೇ ಕಾರಣದ ಹೊತ್ತಿಗೆ ಅವರಿಗೆ ಅರ್ಥವಾಗಿರುತ್ತದೆ. “ಇದು ನನ್ನ ರುಚಿ, ನೀವು ಬಿಟ್ಟರೂ ಸರಿ” ಅಂತ ಮೊದಲೇ ಹೇಳಿಬಿಟ್ಟರೆ ಇಷ್ಟು ಸುತ್ತಾಟವಿಲ್ಲ.

ಇನ್ನು ಮೀಟಿಂಗ್. ‘ಯಾರೂ ಟೀಕೆ ಮಾಡಬೇಡಿ, ಬಾಯಿಗೆ ಬಂದದ್ದು ಹೇಳಿ’ ಅನ್ನುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಹಬ್ಬಿಸಿದವರು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್. ಆದರೆ 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದರು: ಗುಂಪಾಗಿ ಕೂತವರಿಗಿಂತ ಅಷ್ಟೇ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗ ಹೆಚ್ಚು ಐಡಿಯಾ ಬಂದವು. ಮುಖ್ಯ ಕಾರಣ ಸರಳ: ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಸರದಿ ಕಾಯುವಷ್ಟರಲ್ಲಿ ತಲೆಯಲ್ಲಿದ್ದದ್ದು ಹಾರಿಹೋಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಕನ್ನಡದಲ್ಲೋ ತಮಿಳಿನಲ್ಲೋ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದವರು ವಾಕ್ಯ ಜೋಡಿಸುವಷ್ಟರಲ್ಲಿ, ಸರಾಗವಾಗಿ ಮಾತಾಡುವವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಮೊದಲ ಐದು ನಿಮಿಷ ಎಲ್ಲರೂ ಸುಮ್ಮನೆ ಬರೆಯಲಿ, ಆಮೇಲೆ ಓದಲಿ. ಕನ್ನಡದಲ್ಲೇ ಹೇಳುವವರು ಹೇಳಲಿ, ಪಕ್ಕದವರು ಎರಡು ಸಾಲಿನಲ್ಲಿ ಇಂಗ್ಲಿಷಿಗೆ ತಿರುಗಿಸಲಿ.

ಬರಹದ ಮೇಲೆ ಕಮೆಂಟ್ ಹಾಕುವಾಗ ಸಂಖ್ಯೆ ನೋಡಿಕೊಳ್ಳಿ. ಆರು ಪುಟದ ಪ್ರಸ್ತಾವಕ್ಕೆ ಇಪ್ಪತ್ತೈದು ಕಮೆಂಟ್ ಬಿದ್ದರೆ, ನಿರ್ಧಾರ ಬದಲಿಸಬಲ್ಲ ಎರಡು ಕಮೆಂಟ್ ಕಾಗುಣಿತದ ತಿದ್ದುಪಡಿಗಳ ನಡುವೆ ಹೂತುಹೋಗುತ್ತವೆ. ಆ ಎರಡನ್ನು ಮೇಲೆ ಬರೆಯಿರಿ. ಉಳಿದದ್ದಕ್ಕೆ ‘ಚಿಲ್ಲರೆ’ ಅಂತ ಗುರುತು ಹಾಕಿ. ಚಾಟ್‌ನಲ್ಲಿ ಎರಡು ಸುತ್ತು ಆದ ಮೇಲೂ ಒಪ್ಪಿಗೆಯಾಗದಿದ್ದರೆ ಟೈಪ್ ಮಾಡುವುದನ್ನು ನಿಲ್ಲಿಸಿ ಫೋನ್ ಮಾಡಿ. ರಾತ್ರಿ ಹತ್ತೂವರೆಗೆ ಬಂದ ಬರೀ ‘ಓಕೆ’ಯ ಅರ್ಥ ಹುಡುಕುತ್ತಾ ನಿದ್ದೆಗೆಡುವವರು ಇದ್ದಾರೆ.

ಐಡಿಯಾ ಬಾಸ್‌ನದ್ದಾದರೆ? ಎಲ್ಲರ ಎದುರು ‘ಸಾರ್, ಇದು ಆಗಲ್ಲ’ ಅಂದರೆ ಅವರು ತಮ್ಮ ಮಾತಿಗೇ ಅಂಟಿಕೊಳ್ಳಬೇಕಾಗುತ್ತದೆ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಬರೆದ ಒಂದು ಉಪಾಯ ಇಲ್ಲಿ ಒದಗುತ್ತದೆ. ಶುರುಮಾಡುವ ಮುಂಚೆಯೇ ಎಲ್ಲರೂ ಹೀಗೆ ಕಲ್ಪಿಸಿಕೊಳ್ಳಬೇಕು: ಯೋಜನೆ ನೆಲಕಚ್ಚಿ ಆಗಿದೆ. ಈಗ ಯಾಕೆ ಬಿತ್ತು ಅಂತ ಒಬ್ಬೊಬ್ಬರೂ ಬರೆಯಬೇಕು. ಬಿದ್ದದ್ದು ಆಗಲೇ ನಿಜ ಅಂತ ಇಟ್ಟುಕೊಂಡ ಮೇಲೆ ತಪ್ಪು ತೋರಿಸುವುದು ಉದ್ಧಟತನ ಆಗುವುದಿಲ್ಲ, ಕೊಟ್ಟ ಕೆಲಸ ಮಾಡಿದಂತೆ ಆಗುತ್ತದೆ. ನಮ್ಮಲ್ಲಿ ಒಂದು ಅಡ್ಡಿ ಇದೆ: ಪೂಜೆ ಮಾಡಿ ಶುರುಮಾಡುವ ಕೆಲಸಕ್ಕೆ ‘ಬಿದ್ದುಹೋಯ್ತು’ ಅಂದರೆ “ಬಿಡ್ತು ಅನ್ನಿ” ಅನ್ನುವವರು ಟೀಮಿನಲ್ಲಿ ಒಬ್ಬರಾದರೂ ಇರುತ್ತಾರೆ. ಅನ್ನಿ, ಅಂದು ಬರೆಯಲು ಶುರುಮಾಡಿ.

ಎಲ್ಲ ಯೋಚಿಸಿ ಬೇಡ ಅಂತಲೇ ಆದರೆ, ಹಾಗೆ ತೀರ್ಮಾನವಾದ ದಿನವೇ ಅವರನ್ನು ಪಕ್ಕಕ್ಕೆ ಕರೆದು ಒಂದು ಕಾರಣ ಹೇಳಿ. ಒಂದೇ. ನಾಲ್ಕು ಹೇಳಿದರೆ ಅವರು ದುರ್ಬಲವಾದದ್ದನ್ನು ಹಿಡಿದು ವಾದಿಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಏನು ಬದಲಾದರೆ ಇದನ್ನು ಮತ್ತೆ ಎತ್ತಿಕೊಳ್ಳಬಹುದು ಅಂತಲೂ ಹೇಳಿ: ಹೊಸ ಬಜೆಟ್ಟೋ, ಇನ್ನೊಬ್ಬ ಆಳೋ, ಕಸ್ಟಮರ್ ಒಪ್ಪಿಗೆಯೋ.

ಮತ್ತೆ, ಮೆಲುದನಿಯವರು ಹೇಳಿದ ಐಡಿಯಾವನ್ನೇ ಹತ್ತು ನಿಮಿಷದ ನಂತರ ಗಟ್ಟಿದನಿಯವರು ತಮ್ಮದೆಂಬಂತೆ ಹೇಳುವುದು ಯಾವ ಮೀಟಿಂಗಿಗೂ ಹೊಸದಲ್ಲ. ಅಲ್ಲಿ ನೀವು ಹೇಳಬೇಕಾದ್ದು ಒಂದು ಸಾಲು: “ಹೌದು, ಆಗ್ಲೇ ಮೇಡಂ ಹೇಳಿದ್ದೂ ಇದೇ. ಮೇಡಂ, ನೀವೇ ಮುಂದುವರಿಸಿ.”