ಕಕ್ಕಬ್ಬೆಲಿ ಗೋಲ್ಡನ್ ಅವರ್ ಐದೂಕಾಲಿಗೇ ಮುಗಿಯುತ್ತೆ

ಪೋರ್ಟ್ರೇಟ್ ತೆಗೆಯೋರೆಲ್ಲ ಗೋಲ್ಡನ್ ಅವರ್ ಗೋಲ್ಡನ್ ಅವರ್ ಅಂತ ಜಪ ಮಾಡ್ತಾರಲ್ಲ, ಸೂರ್ಯ ಮುಳುಗೋ ಮುಂಚಿನ ಚಿನ್ನದ ಬೆಳಕಿನ ಹೊತ್ತು, ಅದು ಬಯಲುಸೀಮೆಯವರ ಲೆಕ್ಕ. ಕೊಡಗಲ್ಲಿ ನೀವು ರಾಜಾಸೀಟಲ್ಲೋ ಮಾಂದಲ್‌ಪಟ್ಟಿಲೋ ನಿಂತಿದ್ರೆ ಸರಿ, ಪಶ್ಚಿಮಕ್ಕೆ ಪೂರ್ತಿ ಓಪನ್ನು, ಸೂರ್ಯ ಕೊನೇವರೆಗೂ ಸಿಗ್ತಾನೆ. ಆದ್ರೆ ಜನ ಇರೋದು ಕೆಳಗೆ, ಗದ್ದೆ ಪಕ್ಕ, ತೋಟದ ಒಳಗೆ. ಅಲ್ಲಿ ಸೂರ್ಯ ಕೆಂಪಾಗೋಕೆ ಮುಂಚೆ, ಇನ್ನೂ ಬೆಳ್ಳಗೆ ಉರಿತಾ ಇರುವಾಗ್ಲೇ ಬೆಟ್ಟದ ಹಿಂದೆ ಹೋಗಿ ಕೂತ್ಬಿಡ್ತಾನೆ.

ಜನವರಿಲಿ ಕಕ್ಕಬ್ಬೆ ಕಡೆ ಫ್ರೆಂಡ್ ಒಬ್ಬನ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲಮನೆಗೆ ಹೋಗಿದ್ದೆ, ಅವನ ಅಜ್ಜಿದು ಒಂದು ಒಳ್ಳೆ ಫೋಟೋ ತೆಗಿಬೇಕಿತ್ತು. ಬೇಕು ಅಂತ ಹೇಳಿ ಕಳ್ಸಿದ್ದು ಅಜ್ಜಿನೇ. "ನಾಳೆ ನಾನು ಹೋದ್ರೆ ಇವ್ರು ಶಕ್ತಿ ಪೇಪರ್‌ಗೆ ಆಧಾರ್ ಕಾರ್ಡ್ ಫೋಟೋನೇ ಕೊಡೋದು, ಅದ್ರಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಉಂಟು" ಅಂದ್ರು. ಎರಡೇ ಕಂಡೀಷನ್ನು, ಫ್ಲ್ಯಾಶ್ ಹೊಡಿಬಾರ್ದು ಕಣ್ಣು ಮುಚ್ಚಿ ಹೋಗುತ್ತೆ, ಮತ್ತೆ ಮನೆ ಬಿಟ್ಟು ಎಲ್ಲಿಗೂ ಬರಲ್ಲ.

ಬೆಳಿಗ್ಗೆನೇ ಮುಗಿಸೋಣ ಅಂತಿತ್ತು ಪ್ಲ್ಯಾನು. ಮನೆ ಪೂರ್ವಕ್ಕೆ ಮುಖ, ಮುಂದೆ ಗದ್ದೆ, ಕೈಯಾಲೆಲಿ, ಅಂದ್ರೆ ಜಗಲಿಲಿ, ಕಂಬದ ಪಕ್ಕ ಐಮರ ಅನ್ನೋ ಮರದ ಹಲಗೆ ಮೇಲೆ ಕೂರಿಸಿದ್ರೆ ಏಳು ಗಂಟೆ ಬಿಸಿಲು ನೇರ ಮುಖಕ್ಕೆ ಬೀಳ್ಬೇಕು, ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ. ಜನವರಿಲಿ ಗದ್ದೆ ಮೇಲೆ ಮಂಜು ಕೂತ್ರೆ ಏಳೋದು ಎಂಟೂವರೆ ಒಂಬತ್ತಕ್ಕೆ, ಅಷ್ಟರಲ್ಲಿ ಸೂರ್ಯ ಮೇಲೆ ಬಂದು ಚುರುಕ್ ಅನ್ನೋ ಹಾಗಾಗಿರ್ತಾನೆ. ಮಂಜಿನ ಲೈಟು ಸಾಫ್ಟೇ, ನೆರಳೇ ಇರಲ್ಲ, ಮದುವೆ ಹುಡುಗಿಗಾದ್ರೆ ಬೇಡ ಅನ್ನಲ್ಲ, ಆದ್ರೆ ವಯಸ್ಸಾದವರ ಮುಖ ಅದರಲ್ಲಿ ಬೂದಿ ಬಣ್ಣಕ್ಕೆ ತಿರುಗಿಬಿಡುತ್ತೆ, ಚರ್ಮದ ಒಳಗಿನ ಕೆಂಪು ಪೂರ್ತಿ ಮಾಯ. ವೈಟ್ ಬ್ಯಾಲೆನ್ಸ್‌ನ (ಕ್ಯಾಮೆರಾ ಬಣ್ಣ ಹೊಂದಿಸೋ ಸೆಟ್ಟಿಂಗು) ಬೆಚ್ಚಗೆ ಮಾಡೋ ಶೇಡ್‌ಗೆ, ಅಂದ್ರೆ ಸುಮಾರು ಏಳು ಸಾವಿರ ಕೆಲ್ವಿನ್‌ಗೆ ತಿರುಗಿಸಿ ನೋಡಿದೆ, ಅಜ್ಜಿ ಜೊತೆ ಮಂಜೂ ಹಳದಿ ಆಯ್ತು. ಕಡುಬು ತಿನ್ನೋಕೆ ಕರೆದ್ರು, ಹೋದೆ.

ಫೋನಲ್ಲಿರೋ ಆ್ಯಪ್ ಸೂರ್ಯಾಸ್ತ ಆರೂಕಾಲರ ಹತ್ತಿರ ಅಂತ ತೋರಿಸ್ತಿತ್ತು. ಈ ಆ್ಯಪ್‌ಗಳಿಗೆ ಬೆಟ್ಟ ಗೊತ್ತಿಲ್ಲ, ಅವು ಲೆಕ್ಕ ಹಾಕೋದು ಸಮತಟ್ಟು ನೆಲದ ಅಂಚು ಇಟ್ಕೊಂಡು. ಇನ್ನೊಂದು ವಿಷ್ಯ, ಯೂರೋಪಿನ ಯೂಟ್ಯೂಬರ್‌ಗಳು ಆರಾಮಾಗಿ ಗಂಟೆಗಟ್ಲೆ ಚಿನ್ನದ ಬೆಳಕಲ್ಲಿ ಶೂಟ್ ಮಾಡ್ತಾರಲ್ಲ, ಅಲ್ಲಿ ಸೂರ್ಯ ಓರೆಯಾಗಿ ಜಾರ್ತಾನೆ. ನಾವಿರೋದು ಹನ್ನೆರಡು ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಹೆಚ್ಚುಕಮ್ಮಿ ನೇರವಾಗೇ ಇಳಿತಾನೆ, ಕೊನೆಯ ಆರು ಡಿಗ್ರಿ ಇಳಿಯೋಕೆ ಅರ್ಧ ಗಂಟೆ ಕೂಡ ಬೇಡ. ಬೆಳಕು ಕೆಂಪಾಗೋದು ಆ ಕೊನೆಯ ಹೊತ್ತಲ್ಲೇ, ಅಡ್ಡಡ್ಡವಾಗಿ ಅಷ್ಟುದ್ದ ಗಾಳಿ ಹಾದು ಬರುವಾಗ ನೀಲಿ ಎಲ್ಲಾ ಚೆದುರಿ ಹೋಗಿ ಕೆಂಪು ಹಳದಿ ಮಾತ್ರ ನಮ್ಮವರೆಗೆ ಬರೋದು. ಬೆಟ್ಟ ಆ ಅರ್ಧ ಗಂಟೆನೇ ನುಂಗಿದ್ರೆ ಉಳಿಯೋದು ಸಾದಾ ಬಿಸಿಲು. ಹಿಂದಿನ ದಿನ ಸಂಜೆನೇ ನೋಡಿಟ್ಟಿದ್ದೆ, ಅಂಗಳದಿಂದ ಬಿಸಿಲು ಹೋಗಿದ್ದು ಐದೂಕಾಲಿಗೆ, ಆಗ ಎದುರು ಬೆಟ್ಟದ ತಲೆ ಮೇಲೆ ಇನ್ನೂ ಚೆನ್ನಾಗಿ ಬಿಸಿಲಿತ್ತು, ನಾವು ಮಾತ್ರ ನೆರಳಲ್ಲಿ.

ಮಧ್ಯಾಹ್ನ ಫ್ರೆಂಡ್ ಹೇಳ್ದ, ತೋಟದ ಒಳಗೆ ತೆಗಿ ಮಾರಾಯ, ಮೆಣಸು ಬಳ್ಳಿ ಎಲ್ಲಾ ಬರುತ್ತೆ, ಕೊಡಗು ಅಂತ ಗೊತ್ತಾಗುತ್ತೆ ಅಂತ. ಎಲ್ಲರೂ ಅಲ್ಲೇ ತೆಗೆಯೋದು, ಎಲ್ಲರ ಫೋಟೋದಲ್ಲೂ ಮುಖ ಹಸಿರಾಗಿರುತ್ತೆ. ಕಾಫಿ ತೋಟದಲ್ಲಿ ಬೆಳಕು ಮೇಲಿಂದ ಸಿಲ್ವರ್ ಓಕ್ ಎಲೆ ದಾಟಿ ಬರುತ್ತೆ, ಪಕ್ಕದಿಂದ ಕಾಫಿ ಎಲೆಗೆ ಬಡಿದು ಬರುತ್ತೆ, ಕಾಫಿ ಎಲೆ ಬೇರೆ ಎಣ್ಣೆ ಸವರಿದಂಗೆ ಹೊಳಿತದೆ, ಆ ಹಸಿರೆಲ್ಲ ಬಂದು ಕೂರೋದು ದವಡೆ ಕೆಳಗೆ, ಕಣ್ಣಿನ ಗುಳಿಲಿ. ಎಡಿಟ್ ಮಾಡುವಾಗ ಹಸಿರು ತೆಗೆಯೋಕೆ ಅಂತ ಮೆಜೆಂಟಾ ಕಡೆ ಎಳೆದ್ರೆ ತುಟಿ ಕೆಡುತ್ತೆ. ಹಾಗಾಗಿ ನನ್ನ ಪ್ರಕಾರ ತೋಟ ಬ್ಯಾಕ್‌ಗ್ರೌಂಡ್‌ಗೆ ಮಾತ್ರ, ಮನುಷ್ಯರನ್ನ ಅದರ ಒಳಗೆ ನಿಲ್ಲಿಸೋದಲ್ಲ.

ಮೂರೂವರೆ ಸುಮಾರಿಗೆ ಮನೆ ಸುತ್ತ ಒಂದು ರೌಂಡ್ ಹಾಕ್ದೆ, ಸೂರ್ಯನ ಕಡೆ ನೋಡದೆ ಬಿಸಿಲು ಯಾವುದರ ಮೇಲೆ ಬಿದ್ದಿದೆ ಅಂತಷ್ಟೇ ನೋಡ್ತಾ. ಕಣದಲ್ಲಿ ಕಾಫಿ ಹರಡಿದ್ರು, ಕಣದ ಆಚೆ ತುದಿಲಿ ಆಗಷ್ಟೇ ಒಟ್ಟಿದ ಹುಲ್ಲಿನ ಮೆದೆ. ಪುತ್ತರಿ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬ ಮುಗಿದು ಕುಯ್ಲು ಆಗಿತ್ತಲ್ಲ, ಹೊಸ ಹುಲ್ಲು, ಇನ್ನೂ ಮಳೆ ಕಂಡಿಲ್ಲ, ಬಣ್ಣ ಮಾಸಿಲ್ಲ. ಆಳೆತ್ತರಕ್ಕಿಂತ ಜಾಸ್ತಿನೇ ಇತ್ತು, ಅದರ ಪಶ್ಚಿಮದ ಮೈ ಪೂರ್ತಿ ಬಿಸಿಲಲ್ಲಿ. ಹತ್ತಿರ ಹೋಗಿ ಅಂಗೈ ಹಿಡಿದೆ, ಕೈಯ ಹಿಂಬದಿ ಸೂರ್ಯನ ಕಡೆ, ಅಂಗೈ ಹುಲ್ಲಿನ ಕಡೆ. ಅಂಗೈ ಗೆರೆ ಒಳಗೆಲ್ಲ ಜೇನಿನ ಬಣ್ಣ ತುಂಬ್ಕೊಂಡಿತ್ತು, ನೆರಳು ಇದೆ ಆದ್ರೆ ಅದಕ್ಕೆ ಅಂಚಿಲ್ಲ. ಅಂಗಡಿಲಿ ಗೋಲ್ಡ್ ರಿಫ್ಲೆಕ್ಟರ್ ಅಂತ ಮಾರ್ತಾರೆ, ಹತ್ತಿರ ತಂದ್ರೆ ಮುಖಕ್ಕೆ ಅರಿಶಿನ ಬಳಿದಂಗೆ ಕಾಣುತ್ತೆ, ಹೊಳಪು ಕಣ್ಣಿಗೆ ಚುಚ್ಚಿ ಕೂತವರು ಕಣ್ಣು ಕಿರಿದು ಮಾಡ್ತಾರೆ. ಹುಲ್ಲಿಗೆ ಹೊಳಪಿಲ್ಲ, ಬಿದ್ದ ಬೆಳಕನ್ನ ಎಲ್ಲಾ ಕಡೆಗೂ ಚೆಲ್ಲುತ್ತೆ, ಸೈಜ್ ಬೇರೆ ಗೋಡೆಯಷ್ಟು.

ನಾಲ್ಕೂವರೆಗೆ ಅಜ್ಜಿ ರೆಡಿಯಾಗಿ ಬಂದ್ರು, ನೆರಿಗೆ ಹಿಂದಕ್ಕೆ ಹೋಗೋ ಕೊಡವ ಸೀರೆ, ತಲೆಗೆ ಬಿಳಿ ವಸ್ತ್ರ, ಕತ್ತಲ್ಲಿ ಪತ್ತಾಕ್ ಅನ್ನೋ ಕೊಡವ ಸರ. ಚೇರು ಕಣದ ನಡುವೆ ಹಾಕಿ ಮೆದೆ ಕಡೆ ಮುಖ ಮಾಡಿ ಕೂರಿಸ್ದೆ, ಸೂರ್ಯ ಬೆನ್ನ ಹಿಂದೆ ಸ್ವಲ್ಪ ಎಡಕ್ಕೆ, ನಾನು ಮೆದೆಗೆ ಬೆನ್ನು ಒತ್ತಿ ನಿಂತೆ, ಹುಲ್ಲು ಷರ್ಟ್ ಒಳಗೆಲ್ಲ ಹೋಗ್ತಿತ್ತು. "ಎಂತ ಇದು, ಮನೆ ಅಲ್ಲಿ ಉಂಟು, ಹೂವಿನ ಕುಂಡ ಅಲ್ಲಿ ಉಂಟು, ನೀನು ನನ್ನನ್ನ ಹುಲ್ಲು ನೋಡ್ಕೊಂಡು ಕೂತ್ಕೋ ಅಂತೀಯಲ್ಲ" ಅಂತ ಶುರುವಾಯ್ತು. ಶುರುವಾಗಿದ್ದು ಒಳ್ಳೇದೇ ಆಯ್ತು, ಬೈತಾ ಇರುವಾಗ ಮುಖದಲ್ಲಿ ಜೀವ ಇರುತ್ತೆ.

ಮೊದಲ ಫ್ರೇಮ್ ಝೂಮ್ ಮಾಡಿ ನೋಡಿದ್ರೆ ಗದ್ದದ ಕೆಳಗೆ ತಣ್ಣನೆ ನೀಲಿ. ಎಲ್ಲಿಂದ ಬಂತಪ್ಪ ಅಂದ್ರೆ ಕಾಫಿ ಹರಡಿದ್ದ ನೀಲಿ ಟಾರ್ಪಾಲು, ಅದರ ಖಾಲಿ ಅಂಚು ಅಜ್ಜಿ ಕಾಲ ಹತ್ತಿರನೇ ಇತ್ತು. ಮಡಚೋಣ ಅಂದ್ರೆ ಮನೆಯವರು ಕಾಫಿ ಮುಟ್ಟೋಕೆ ಬಿಡಲಿಲ್ಲ, ಚೇರನ್ನೇ ಈಚೆ ತಂದ್ವಿ, ಅಲ್ಲಿ ಬರೀ ಕೆಮ್ಮಣ್ಣು. ಅಷ್ಟಕ್ಕೇ ನೀಲಿ ಹೋಯ್ತು, ಕೆಳಗಿಂದ ಮಣ್ಣಿನ ಬಣ್ಣ ತೆಳುವಾಗಿ ಮೇಲೆ ಬಂದು ಕತ್ತಿನ ಸುಕ್ಕಿನ ಕಪ್ಪೂ ಕಮ್ಮಿ ಆಯ್ತು.

ಲೆನ್ಸು ಎಂಬತ್ತೈದು ಎಂಎಂ, ಅಪರ್ಚರ್ ಎಫ್ 2.8. ಕ್ಯಾಮೆರಾನ ಆಟೋಗೆ ಬಿಟ್ರೆ ಹಿಂದಿನ ಬಿಸಿಲು ನೋಡಿ ಹೆದರಿ ಮುಖ ಕಪ್ಪು ಮಾಡುತ್ತೆ, ಅದಕ್ಕೆ ಒಂದೇ ಜಾಗದ ಬೆಳಕು ಅಳೆಯೋ ಸ್ಪಾಟ್ ಮೀಟರ್ ಕೆನ್ನೆ ಮೇಲೆ ಇಟ್ಟು, ವಸ್ತ್ರದ ಅಂಚು ಬಿಳಿಚಿ ಹೋಗದಷ್ಟು ಮಾತ್ರ ಎಕ್ಸ್‌ಪೋಷರ್ ಇಳಿಸಿದೆ. ಬಿಸಿಲು ನೇರ ಲೆನ್ಸಿಗೆ ಬಡಿದು ಫೋಟೋ ಎಲ್ಲಾ ಹಾಲು ಹಾಲಾಗ್ತಿತ್ತು, ಹುಡ್ ಸಾಲಲಿಲ್ಲ, ಫ್ರೆಂಡ್ ಪಕ್ಕದಲ್ಲಿ ನಿಂತು ಅಜ್ಜನ ಹಳೇ ಹ್ಯಾಟ್ ಅಡ್ಡ ಹಿಡ್ಕೊಂಡ. ವೈಟ್ ಬ್ಯಾಲೆನ್ಸ್ ಡೇಲೈಟಲ್ಲೇ ಫಿಕ್ಸ್. ಇದು ಮಾತ್ರ ಎಲ್ಲರಿಗೂ ಹೇಳ್ತೀನಿ, ಆಟೋ ವೈಟ್ ಬ್ಯಾಲೆನ್ಸ್‌ನ ಕೆಲಸನೇ ಬಣ್ಣದ ಛಾಯೆ ತೆಗೆಯೋದು, ನೀವು ಕಷ್ಟಪಟ್ಟು ಹುಡುಕಿದ ಬೆಚ್ಚಗಿನ ಬೆಳಕು ಅದರ ಕಣ್ಣಿಗೆ ರಿಪೇರಿ ಮಾಡ್ಬೇಕಾದ ದೋಷ. ಮೊಮ್ಮಗಳು ನನ್ನ ಪಕ್ಕದಲ್ಲೇ ನಿಂತು ಫೋನಲ್ಲಿ ತೆಗೆದ್ಲು, ಅದೇ ಅಜ್ಜಿ, ಅದೇ ಬೆಳಕು, ಅವಳ ಸ್ಕ್ರೀನಲ್ಲಿ ವಸ್ತ್ರ ಸೋಪಿನ ಜಾಹೀರಾತಿನ ಬಿಳಿ.

ಐದು ದಾಟಿದ ಮೇಲೆ ಬೆಳಕು ಇನ್ನೂ ಸ್ವಲ್ಪ ಮೆತ್ತಗಾಯ್ತು, ಅಜ್ಜಿ ಬೈಯೋದು ನಿಲ್ಲಿಸಿ ಆ ಗದ್ದೆಲಿ ಮುಂಚೆ ಎಷ್ಟು ಬಟ್ಟಿ ಭತ್ತ ಆಗ್ತಿತ್ತು ಅಂತ ಹೇಳೋಕೆ ಶುರು ಮಾಡಿದ್ರು, ಕಣ್ಣೊಳಗೆ ಮೆದೆಯ ಬೆಳಕು ಅಗಲವಾಗಿ ಕೂತಿತ್ತು, ಪತ್ತಾಕಿನ ಕೆಂಪು ಕಲ್ಲು ಕೂಡ ಕಪ್ಪಾಗದೆ ಕೆಂಪಾಗೇ ಕಂಡಿದ್ದು ಆವಾಗ್ಲೇ. ಬೇಕಾಗಿದ್ದ ಫೋಟೋ ಸಿಕ್ಕಿದ್ದು ಅಲ್ಲೇ. ಆಮೇಲೆ ಬೆಟ್ಟದ ನೆರಳು ಕಣ ದಾಟಿ ಮೆದೆ ಹತ್ತಿ ಹೋಯ್ತು, ಒಂದೇ ನಿಮಿಷದಲ್ಲಿ ಎಲ್ಲಾ ನೀಲಿ, ಚಳಿ ಬೇರೆ. ಮೊಮ್ಮಗಳು ಇನ್ನೂ ನಂದು ಆಗಿಲ್ಲ ಅಂತ ಮುಖ ಊದಿಸ್ಕೊಂಡ್ಲು, ಅವಳನ್ನ ಜೀಪಲ್ಲಿ ತೋಟದ ಮೇಲಿನ ರೋಡಿಗೆ ಕರ್ಕೊಂಡು ಹೋದ್ವಿ, ಅಲ್ಲಿ ಇನ್ನೂ ಬಿಸಿಲಿತ್ತು, ಅವಳ ಫೋಟೋಗಳು ಎಲ್ಲರ ಇನ್‌ಸ್ಟಾ ಫೋಟೋ ಥರ ಬಂದ್ವು, ಅವಳಿಗೆ ಖುಷಿ.

ಪ್ರಿಂಟ್ ಕಥೆ ಬೇರೆ. ಫ್ರೆಂಡ್ ಹನ್ನೆರಡು ಹದಿನೆಂಟರ ಸೈಜ್‌ಗೆ ಒಂದು ಲ್ಯಾಬಿಗೆ ಕೊಟ್ಟ, ಅವರು ತಾವಾಗೇ ಕರೆಕ್ಷನ್ ಮಾಡಿ ಅಜ್ಜಿನ ಬೆಳ್ಳಗೆ ಮಾಡಿ ಕಳ್ಸಿದ್ರು, ಸುಕ್ಕೂ ಅರ್ಧ ಹೋಗಿತ್ತು. ವಾಪಸ್ ಕಳ್ಸಿ, ಫೈಲ್ ಹೆಸರಲ್ಲೇ "ಕರೆಕ್ಷನ್ ಬೇಡ" ಅಂತ ಬರೆದು ಇನ್ನೊಂದ್ಸಲ ಮಾಡಿಸ್ಬೇಕಾಯ್ತು. ಅದನ್ನ ಫ್ರೇಮ್ ಹಾಕ್ಸಿ ಅಜ್ಜಿ ಕೈಗೆ ಕೊಟ್ಟಾಗ ತುಂಬ ಹೊತ್ತು ನೋಡಿದ್ರಂತೆ, ಆಮೇಲೆ ಕೇಳಿದ್ರಂತೆ, ಅಷ್ಟೊತ್ತು ಹುಲ್ಲಿನ ಮುಂದೆ ಕೂರಿಸಿದ್ನಲ್ಲ ಅವನು, ಇದ್ರಲ್ಲಿ ಹುಲ್ಲು ಎಲ್ಲಿ ಉಂಟು?