ಸಮುದ್ರವೇ ಇಲ್ಲದ ಕಲಬುರಗಿಯಲ್ಲಿ ಮೀನಿನ ಲೆಕ್ಕ ಕಲಿತು ಏನು ಮಾಡೋದು?

"ಸರ್, ನಮ್ಮ ಕಡೆ ಸಮುದ್ರಾನೇ ಇಲ್ಲ. ಸಮುದ್ರದ ಮೀನಿನ ಸಂಶೋಧನಾ ಮಾಡಿದವ್ರಿಗೆ ಇಲ್ಲೇನು ಕೆಲಸ ಅದ?" ಮೀನುಗಾರಿಕೆ ಓದಲು ಹೊರಟ ಹುಡುಗರೂ ಅವರ ಅಪ್ಪಂದಿರೂ ತಪ್ಪದೆ ಕೇಳುವ ಪ್ರಶ್ನೆ ಇದು.

ಕೆಲಸ ಇದೆ. ಬೀದರಿನ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ, ಅಮರ್ಜಾ, ಯಾದಗಿರಿ ಕಡೆಯ ನಾರಾಯಣಪುರ, ಯಾವ ಜಲಾಶಯ ನೋಡಿದರೂ ಸಮಸ್ಯೆ ಅರಬ್ಬಿ ಸಮುದ್ರದ್ದೇ: ನೀರೊಳಗೆ ಎಣಿಸಲಾಗದ ಮೀನನ್ನು ಬಲೆಗೆ ಬಿದ್ದ ಮೀನಿನಿಂದ ಅಂದಾಜು ಮಾಡಬೇಕು. ಓದಿನ ದಾರಿಯೂ ಅಷ್ಟು ದೂರದ್ದಲ್ಲ. ಬಿ.ಎಫ್.ಎಸ್ಸಿ. (ಮೀನುಗಾರಿಕೆ ಪದವಿ) ಕಲಿಸುವ ಮಂಗಳೂರಿನ ಮೀನುಗಾರಿಕೆ ಕಾಲೇಜು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಮುಂದೆ ಸ್ನಾತಕೋತ್ತರದ ಎಂ.ಎಫ್.ಎಸ್ಸಿ., ಪಿಎಚ್.ಡಿ., ವಿಜ್ಞಾನಿ ಹುದ್ದೆಗೆ ಎ.ಆರ್.ಎಸ್. (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ. ಕಡಲಿಗೆ ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಒಳನಾಡಿಗೆ ಪಶ್ಚಿಮ ಬಂಗಾಳದ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ. ಎರಡೂ 1947ರಲ್ಲಿ ಶುರುವಾದವು.

ಇನ್ನು ಲೆಕ್ಕ. ಮೀನುಗಾರಿಕೆ ವಿಜ್ಞಾನಿ ಶೇಫರ್ 1954ರಲ್ಲಿ ಕೊಟ್ಟ ಮಾದರಿಯನ್ನೇ ತಗೊಳ್ಳಿ: ಬಲೆ ಹೆಚ್ಚಿದಷ್ಟೂ ಒಂದೊಂದು ಬಲೆಗೆ ಬೀಳುವ ಮೀನು ಇಳಿಯುತ್ತದೆ. ಒಂದು ಜಲಾಶಯದಲ್ಲಿ ದಿನಕ್ಕೆ 10 ಬಲೆ ಬಿಟ್ಟಾಗ ಬಲೆಗೆ 3 ಕೆ.ಜಿ., 20 ಬಿಟ್ಟಾಗ 2 ಕೆ.ಜಿ., 30 ಬಿಟ್ಟಾಗ 1 ಕೆ.ಜಿ. ಬಿತ್ತು ಅನ್ನೋಣ. ಒಟ್ಟು ಮೀನು ಕ್ರಮವಾಗಿ 30, 40, 30 ಕೆ.ಜಿ. ಹತ್ತು ಬಲೆಯವರ ಮೀನೂ ಮೂವತ್ತು ಬಲೆಯವರ ಮೀನೂ ಒಂದೇ! 20 ಬಲೆ ದಾಟಿದ ಮೇಲೆ ನೂಲಿನ ಖರ್ಚು ಏರುತ್ತದೆ, ಮೀನು ಇಳಿಯುತ್ತದೆ. ಮೀನುಗಾರರ ಸೊಸೈಟಿಯವರಿಗೆ ಈ ಮೂರು ಸಾಲು ತೋರಿಸಿದರೆ ಸಾಕು, ಸೂತ್ರ ಬೇಕಾಗುವುದಿಲ್ಲ.

ಆದರೆ ಈ ಕಡಲಿನ ಮಾದರಿಯನ್ನು ಹಾಗೇ ತಂದು ಡ್ಯಾಮಿಗೆ ಹಚ್ಚಿದರೆ ಎಡವಟ್ಟಾಗುವುದು ಮೇ ತಿಂಗಳಲ್ಲಿ. ಕಡಲು ಬತ್ತುವುದಿಲ್ಲ, ಕಾರಂಜಾದ ನೀರು ಇಳಿಯುತ್ತದೆ. ಅಷ್ಟೂ ಮೀನು ನದಿಯ ಹಳೇ ಪಾತ್ರದ ಗುಂಡಿಗಳಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ, ಬಲೆ ಎತ್ತಿದರೆ ಭಾರ. ಆ ಅಂಕಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಮೀನು ಹೆಚ್ಚಾಗಿದೆ ಅಂತ ಉತ್ತರ ಬರುತ್ತದೆ. ಹೆಚ್ಚಾಗಿಲ್ಲ, ನೀರು ಕಡಿಮೆಯಾಗಿದೆ. ಅದಕ್ಕೇ ಹಿಡಿದ ತೂಕದ ಪಕ್ಕದಲ್ಲಿ ಅಂದಿನ ನೀರಿನ ಮಟ್ಟ ಬರೆದಿರಲೇಬೇಕು. ಈ ಮೇ ತಿಂಗಳನ್ನು ಹೋದ ಮೇ ತಿಂಗಳ ಜೊತೆ, ಅದೂ ಹತ್ತಿರ ಹತ್ತಿರ ಅದೇ ಮಟ್ಟದಲ್ಲಿದ್ದಾಗ, ಹೋಲಿಸಬೇಕು. ಬಲೆಯ ಕಣ್ಣಿನ ಅಳತೆ, ಉದ್ದ, ಎಷ್ಟು ತಾಸು ನೀರಲ್ಲಿತ್ತು, ಇದೂ ಬೇಕು. ನಾಲ್ಕು ಇಂಚಿನ ಕಣ್ಣು ಬಿಟ್ಟು ಎರಡು ಇಂಚಿಗೆ ಇಳಿದವರಿಗೆ ತೂಕ ಹೆಚ್ಚೇ ಸಿಕ್ಕೀತು, ಅದು ಮುಂದಿನ ವರ್ಷದ ಮೀನು. ಹರಿಗೋಲಿನವರು ಮನೆಗೆ ಒಯ್ಯುವ ಮೀನು ತಕ್ಕಡಿಗೆ ಬರುವುದೇ ಇಲ್ಲ, ಅದನ್ನೂ ಕೇಳಿ ಬರೆದುಕೊಳ್ಳಿ.

ಇನ್ನೊಂದು ಸೂತ್ರ ಎಲ್ಲರ ಬಾಯಲ್ಲೂ ಇದೆ: ನೀರಿನಲ್ಲಿ ಕರಗಿದ ಲವಣಾಂಶವನ್ನು ಸರಾಸರಿ ಆಳದಿಂದ ಭಾಗಿಸಿ ಇಳುವರಿ ಊಹಿಸುವುದು. ಸರಾಸರಿ ಆಳ ಎಂದರೆ ನೀರಿನ ಪ್ರಮಾಣವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಒಂದು ಟಿ.ಎಂ.ಸಿ. ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಅದು 700 ಹೆಕ್ಟೇರಿನಲ್ಲಿ ಹರಡಿದರೆ ಆಳ 4 ಮೀಟರ್. ಹೂಳು ತುಂಬಿದ ಡ್ಯಾಮಿಗೆ ಕಟ್ಟಿದ ಕಾಲದ ನೀರಿನ ಪ್ರಮಾಣದ ಪಟ್ಟಿ ಇಟ್ಟುಕೊಂಡು ಕೂತರೆ ಈ ಆಳವೇ ಸುಳ್ಳು. ಅದಲ್ಲದೆ 1965ರಲ್ಲಿ ರೈಡರ್ ಎಂಬ ವಿಜ್ಞಾನಿ ಈ ಸೂತ್ರ ರೂಪಿಸಿದ್ದು ಉತ್ತರ ಅಮೆರಿಕದ ತಂಪು ಸರೋವರಗಳಿಗೆ. ನಮ್ಮ ಎರೆಮಣ್ಣಿನ ಕದಡಿದ ನೀರಿನಲ್ಲಿ ಲವಣ ಎಷ್ಟಿದ್ದರೇನು, ಬೆಳಕು ಒಳಗಿಳಿಯದೆ ಮೀನಿನ ಆಹಾರಕ್ಕೆ ಮೂಲವಾದ ಪಾಚಿ ಬೆಳೆಯುವುದಿಲ್ಲ. ಮೊದಲು 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆಯನ್ನು ದಾರ ಕಟ್ಟಿ ನೀರಿಗಿಳಿಸಿ, ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆ ನೋಡಿ. ನನ್ನ ಮಟ್ಟಿಗೆ ಆ ಅಗ್ಗದ ತಟ್ಟೆ ಸೂತ್ರಕ್ಕಿಂತ ನಂಬಿಕಸ್ಥ.

ಕಡಲಿಗೂ ಡ್ಯಾಮಿಗೂ ದೊಡ್ಡ ವ್ಯತ್ಯಾಸ ಮರಿಯದು. ಕಡಲಲ್ಲಿ ಮರಿ ತಾನಾಗಿ ಬರಬೇಕು, ಇಲ್ಲಿ ಕಟ್ಲ, ರೋಹು, ಮೃಗಾಲದ ಮರಿ ನಾವೇ ಬಿಡುತ್ತೇವೆ. 500 ಹೆಕ್ಟೇರಿನ ಜಲಾಶಯದಲ್ಲಿ ಹೆಕ್ಟೇರಿಗೆ 50 ಕೆ.ಜಿ. ಗುರಿ ಇಟ್ಟರೆ 25,000 ಕೆ.ಜಿ.; ಒಂದು ಕೆ.ಜಿ. ತೂಗುವಾಗ ಹಿಡಿದರೆ 25,000 ಮೀನು. ನಾಲ್ಕರಲ್ಲಿ ಒಂದು ಉಳಿಯುತ್ತದೆ ಅಂದರೆ ಒಂದು ಲಕ್ಷ ಮರಿ ಬೇಕು. ಇದು ಬೆರಳುದ್ದಕ್ಕೆ, ಅಂದರೆ 100 ಮಿ.ಮೀ.ಗೆ, ಬೆಳೆದ ಮರಿಯ ಲೆಕ್ಕ. ಅಗ್ಗವೆಂದು ಒಂದಿಂಚಿನ ಮರಿ ತಂದು ಸುರಿದರೆ ಮರಿ ತಿನ್ನುವ ಕೊರವ, ಬಾಳೆ ಮೀನಿಗೆ ಊಟ ಬಡಿಸಿದಂತೆ. ಬಿಡುವ ಮೊದಲು ಮರಿ ತುಂಬಿದ ಚೀಲವನ್ನು 15-20 ನಿಮಿಷ ನೀರಲ್ಲೇ ತೇಲಿಬಿಡಿ, ಒಳಗಿನ-ಹೊರಗಿನ ಬಿಸಿ ಸಮವಾಗಲಿ. ಮಳೆಗಾಲದ ಹೊರಹರಿವು ನಿಂತ ಮೇಲೆ ಬಿಡಿ. ಅಮರ್ಜಾದ ಗೇಟು ತೆರೆದಿರುವಾಗ ಬಿಟ್ಟ ಮರಿ ಕೊಚ್ಚಿಹೋಗಿ, ಅದನ್ನು ಕೆಳಗಿನ ಭೀಮಾ ನದಿಯವರು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.